ಯಾವ ವಿಂಗು ಸಾರ್?

ಮೋಡದ ಮೇಲೆ ಅರ್ಧ ಆಯಸ್ಸು ಕಳೆದು ಒಮ್ಮೆಯೂ ನಡುದಾರಿಯಲ್ಲಿ ನಿಲ್ಲದ ಶಶಿಕುಮಾರ್ ಅವರು ಗಣರಾಜ್ಯೋತ್ಸವದ ಬೆಳಿಗ್ಗೆ ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ನಿಂತುಬಿಟ್ಟರು. ಸರಿಯಾಗಿ ಹೇಳಬೇಕೆಂದರೆ ನಿಂತದ್ದು ಲಿಫ್ಟು, ಅವರು ಅದರೊಳಗಿದ್ದರು. ವಿಮಾನ ಮೇಲೇಳುವುದಕ್ಕೆ ರೆಕ್ಕೆಯಿಂದ ಒದಗುವ ಬಲಕ್ಕೂ ಇಂಗ್ಲಿಷಿನವರು ಲಿಫ್ಟ್ ಎಂದೇ ಹೆಸರಿಟ್ಟಿದ್ದಾರೆ. ವಾಯುಸೇನೆಯಲ್ಲಿ ಇದ್ದಷ್ಟು ವರ್ಷವೂ ಆ ಲಿಫ್ಟು ಅವರಿಗೆ ಕೈ ಕೊಟ್ಟಿರಲಿಲ್ಲ. ಈ ಲಿಫ್ಟು ಕೊಟ್ಟಿತು.

ಅದೂ ಎಂಥ ಅಲಂಕಾರದಲ್ಲಿದ್ದಾಗ! ಇಸ್ತ್ರಿಯ ಗೆರೆಯಲ್ಲಿ ಬೆರಳು ಕುಯ್ದುಕೊಳ್ಳಬಹುದಾದ ಪ್ಯಾಂಟು, ನೀಲಿ ಬ್ಲೇಜರು, ಎದೆಯ ಮೇಲೆ ಪದಕಗಳ ಸಾಲು, ಮುಖ ಕಾಣುವಷ್ಟು ಪಾಲಿಶ್ ಆದ ಬೂಟು. ಕೆಳಗೆ ಅಂಗಳದಲ್ಲಿ ಧ್ವಜಾರೋಹಣವಿತ್ತು. ಬಾವುಟ ಹಾರಿಸುವವರು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ ನಂದೀಶ್. ಶಶಿಕುಮಾರ್ ಅವರ ಪಾಲಿಗಿದ್ದದ್ದು ಮುಂದಿನ ಸಾಲಿನಲ್ಲಿ ನಿಲ್ಲುವುದು, ನಿಂತು ಉಳಿದವರ ನಿಲುವು ಸರಿಯಿಲ್ಲವೆಂದು ಕಣ್ಣಲ್ಲೇ ತಿದ್ದುವುದು.

ಅಪಾಯದ ಗುಂಡಿ ಒತ್ತಿದರು. ಅದು ಐಸ್‌ಕ್ಯಾಂಡಿ ಗಾಡಿಯ ಹಾಗೆ ಕಿಣಿಕಿಣಿ ಎಂದಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೆಕ್ಯುರಿಟಿ ಈರಪ್ಪನ ದನಿ ಕೇಳಿಸಿತು. ಈರಪ್ಪ ಕುಷ್ಟಗಿ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರ ಗೇಟು ಕಾದು ಹೋದ ವರ್ಷವಷ್ಟೇ ಕಾಡುಗೋಡಿಗೆ ಬಂದವನು. ಯಂತ್ರಗಳ ಗದ್ದಲದಲ್ಲಿ ಪಳಗಿದ ಗಂಟಲು. ಅವನು ಗುಟ್ಟು ಹೇಳಿದರೂ ಮೂರು ಮಹಡಿಗೆ ಕೇಳಿಸುತ್ತಿತ್ತು. ಲಿಫ್ಟಿನವರಿಗೆ ಕೂಡಲೇ ಫೋನ್ ಮಾಡು ಎಂದು ಇವರು ಒಳಗಿನಿಂದ ಆಜ್ಞೆ ಮಾಡಿದರು.

“ನೀವ ಮಾಡಬೇಕ್ರಿ ಸಾಹೇಬ್ರ,” ಎಂದು ಈರಪ್ಪ ಮೆಟ್ಟಿಲ ಸಂದಿಯೆಲ್ಲ ಮೊಳಗುವಂತೆ ಕೂಗಿದ. “ಈ ವಿಂಗಿನ ಕಮಾಂಡರ್ ನೀವ ಅದೀರಲ್ರಿ. ನಾ ಮಾಡಿದ್ರ ಅವರು ಕಿಮ್ಮತ್ತ ಕೊಡಂಗಿಲ್ರಿ.”

ಮಾತು ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹೊರಗೆ ರಾಷ್ಟ್ರಗೀತೆ ಶುರುವಾಯಿತು. ಅವರು ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, ಗಲ್ಲ ಎತ್ತಿ ನಿಂತರು. ಎದುರಿಗೆ ಲಿಫ್ಟಿನ ಕನ್ನಡಿ. ಆ ಧ್ವಜವಂದನೆಯಲ್ಲಿ ಇಬ್ಬರೇ ಇದ್ದರು: ಅವರು, ಮತ್ತು ಕನ್ನಡಿಯೊಳಗಿನ ಅವರು. ನಿಲುವಿನಲ್ಲಿ ಇಬ್ಬರೂ ನಿರ್ದೋಷಿಗಳು. ಗೀತೆ ಮುಗಿದಾಗ ಕನ್ನಡಿಯವರು ಸ್ವಲ್ಪ ಮುದುಕರಂತೆ ಕಂಡರು.

ಲಿಫ್ಟಿನ ಹುಡುಗರು ಬಂದು ಬಾಗಿಲನ್ನು ಮೀಟಿ ತೆರೆದಾಗ ಎರಡನೇ ಮಹಡಿಯ ಜಾಗ ಅವರ ಮೊಣಕಾಲಿಗಿಂತಲೂ ಕೆಳಗೆಲ್ಲೋ ಶುರುವಾಗುತ್ತಿತ್ತು. ಸಂದಿಯಲ್ಲಿ ಹಿಂದುಮುಂದಾಗಿ ತೆವಳಿ, ಕಾಲು ಇಳಿಬಿಟ್ಟು, ಈರಪ್ಪ ಹಿಡಿದಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಪಾದದಿಂದ ತಡಕಬೇಕು. ಸುತ್ತ ಕೈಯಲ್ಲಿ ಲಾಡು ಹಿಡಿದ ಜನ. ಪದಕವೊಂದು ಬಾಗಿಲಿನ ಪಟ್ಟಿಗೆ ಸಿಕ್ಕಿಕೊಂಡಿತು. ಆಗ ಎರಡನೇ ಮಹಡಿಯಲ್ಲೇ ಮನೆಯಿದ್ದ ವಸಂತಮ್ಮ, ಅಂದರೆ ನಂದೀಶ್ ಅವರ ತಾಯಿ, ಕರುವನ್ನು ಕೊಟ್ಟಿಗೆಯಿಂದ ಹೊರಡಿಸುವವರ ಅಕ್ಕರೆಯಲ್ಲಿ ಹೇಳಿದರು: “ಬಗ್ಗಿ ಸಾರ್, ಇನ್ನೊಸಿ ಬಗ್ಗಿ. ಬಗ್ಗಿದ್ರೆ ಏನೂ ಆಗಾಕಿಲ್ಲ.”

ಶಶಿಕುಮಾರ್ ಅವರ ಜೀವನಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಈ ಮಾತನ್ನು ಮುನ್ನುಡಿಗೆ ಬಳಸಿಕೊಳ್ಳಬಹುದಿತ್ತು. ಬಗ್ಗುವುದೊಂದು ಬಿಟ್ಟು ಉಳಿದೆಲ್ಲ ಕಸರತ್ತನ್ನೂ ಸೇನೆ ಅವರಿಗೆ ಕಲಿಸಿತ್ತು.

ಹುಟ್ಟಿದ್ದು ಕಾಡುಗೋಡಿಯ ರಾಗಿ ಬೆಳೆಯುವ ಮನೆಯಲ್ಲಿ. ಶಶಿ ಎಂದರೆ ಚಂದ್ರ, ಆಕಾಶದಲ್ಲಿರಬೇಕಾದವನು ಎಂದು ಶಾಲೆಯ ಮೇಷ್ಟ್ರು ಹೇಳಿದ್ದನ್ನು ಹುಡುಗ ಗಂಭೀರವಾಗಿ ತೆಗೆದುಕೊಂಡಿದ್ದ. ವಾಯುಸೇನೆ ಸೇರಿ, ಸಾಮಾನು ಹೊರುವ ದೊಡ್ಡ ವಿಮಾನಗಳ ಪೈಲಟ್ ಆದ. ಯುದ್ಧವಿಮಾನದವರು ಇವರ ಜಾತಿಯನ್ನು ಲಾರಿ ಡ್ರೈವರುಗಳು ಎಂದು ಛೇಡಿಸುತ್ತಿದ್ದರು. ಹಾಗೆಂದೇ ಇವರು ಯುದ್ಧವಿಮಾನದವರಿಗಿಂತ ಎರಡು ಪಟ್ಟು ಗತ್ತಿನಲ್ಲಿ ನಡೆಯುವುದನ್ನು ರೂಢಿಸಿಕೊಂಡರು. ನಿವೃತ್ತರಾಗಿ ಬರುವ ಹೊತ್ತಿಗೆ ಅಣ್ಣ ರಾಗಿ ಹೊಲವನ್ನು ಬಿಲ್ಡರಿಗೆ ಕೊಟ್ಟಾಗಿತ್ತು. ಇವರ ಪಾಲಿಗೆ ಅದೇ ಹೊಲದ ಮೇಲೆ ಒಂಬತ್ತನೇ ಮಹಡಿಯ ಮನೆ ಬಂತು. ಬಿಲ್ಡರು ಇಟ್ಟ ಇಂಗ್ಲಿಷ್ ಹೆಸರಿನಲ್ಲಿ ಆಕಾಶವೂ ಇತ್ತು, ಹುಲ್ಲುಗಾವಲೂ ಇತ್ತು. ಊರಿನವರು ಅದನ್ನು ಮೂರು ವಿಂಗಿನ ಬಿಲ್ಡಿಂಗ್ ಎಂದಷ್ಟೇ ಕರೆಯುತ್ತಿದ್ದರು. ಎ, ಬಿ, ಸಿ. ಇವರದು ಸಿ.

ಆಕಾಶದಲ್ಲಿ ಹಾರಾಡಿದವರಿಗೆ ನೆಲದ ಮೇಲೂ ಹಾರಾಡುವ ಚಟ ಬಿಡುವುದು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಸಭೆಯ ಸಮಯವನ್ನು ಮಿಲಿಟರಿ ಲೆಕ್ಕದಲ್ಲಿ ಹಾಕಿ, ಅರ್ಥವಾಗದೆ ತಡವಾಗಿ ಬಂದವರಿಗೆ ಶಿಸ್ತಿನ ಪಾಠ ಹೇಳಿದರು. ಲಿಫ್ಟಿನಲ್ಲಿ ಸಿಕ್ಕ ಐಟಿ ಹುಡುಗರ ಚಪ್ಪಲಿ ನೋಡಿ ಹುಬ್ಬು ಏರಿಸಿದರು. ಯಾರೋ ಹುಡುಗಿ, ಪಾಪ, ಅಂಕಲ್ ಎಂದಳೆಂದು, ಆ ಪದ ಯಾಕೆ ತಮಗೆ ಸಲ್ಲುವುದಿಲ್ಲವೆಂದು ಎರಡು ಪುಟ ಬರೆದು ಹಾಕಿ ಗುಂಪಿನಿಂದ ಹೊರಬಂದರು. ಯಾರಾದರೂ ವಾಪಸ್ ಕರೆಯುತ್ತಾರೆಂದು ಕಾದರು. ಯಾರೂ ಕರೆಯಲಿಲ್ಲ.

ಹೆಂಡತಿ ವನಜಾ ತಂಗಿಯ ಮಂಡಿ ಆಪರೇಷನ್ನಿಗೆಂದು ಮೈಸೂರಿಗೆ ಹೋದವರು ತಂಗಿ ಓಡಾಡುವಂತಾದ ಮೇಲೂ ಅಲ್ಲೇ ಉಳಿದರು. ಜಗಳವೇನಿಲ್ಲ. ಮೈಸೂರಿನಲ್ಲಿ ಕಾಫಿ ಕುಡಿಯುವಾಗ ಯಾರೂ ಗಡಿಯಾರ ನೋಡುವುದಿಲ್ಲ, ಅಷ್ಟೇ ಎಂದಿದ್ದರು. ಭಾನುವಾರ ಫೋನ್ ಮಾಡುತ್ತಿದ್ದರು. ಇಬ್ಬರೂ ಹವಾಮಾನದ ವಿಷಯ ಮಾತಾಡುತ್ತಿದ್ದರು, ಅಲ್ಲಿ ಮಳೆಯೇ, ಇಲ್ಲಿ ಮೋಡ, ಎಂದು ಎರಡು ನಿಲ್ದಾಣಗಳ ಹಾಗೆ. ಬೆಳಗಿನ ಹೊತ್ತು ಮನೆಯ ಮೇಲೆ ವಿಮಾನವೊಂದು ಹಾದುಹೋದರೆ ಸದ್ದಿನಲ್ಲೇ ಅದು ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು. ಬಾಲ್ಕನಿಗೆ ಬಂದು ಅದರ ಹೆಸರನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಕೇಳುವುದಕ್ಕೆ ಒಂದು ತುಳಸಿ ಕುಂಡ ಇತ್ತು. ಅದನ್ನೂ ವನಜಾ ಮೈಸೂರಿಗೆ ತರಿಸಿಕೊಂಡಿದ್ದರು.

ಇಂಥ ಮನೆಯ ಬಾಗಿಲಿಗೆ ಒಂದು ಹಿತ್ತಾಳೆಯ ಫಲಕ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ವಿಂಗ್ ಕಮಾಂಡರ್ ಕೆ. ಎಂ. ಶಶಿಕುಮಾರ್. ನಿವೃತ್ತ ಎನ್ನುವ ಪದಕ್ಕೆ ಜಾಗ ಸಾಲುವುದಿಲ್ಲ ಸಾರ್ ಎಂದು ಫಲಕ ಮಾಡುವವನು ಹೇಳಿದಾಗ ಇವರು ಒತ್ತಾಯಿಸಿರಲಿಲ್ಲ.

ಈರಪ್ಪನಿಗೆ ಇಂಗ್ಲಿಷ್ ಬಾರದು, ಕನ್ನಡವನ್ನು ಮಾತ್ರ ಸ್ಪಷ್ಟವಾಗಿ ಓದುತ್ತಿದ್ದ. ಎ ವಿಂಗಿನ ತಾಪತ್ರಯ ಹೇಳಿಕೊಳ್ಳಲು ಒಬ್ಬರು ಪ್ರತಿನಿಧಿ ಇದ್ದರು, ಬಿ ವಿಂಗಿಗೆ ಇನ್ನೊಬ್ಬರು. ಸಿ ವಿಂಗಿನ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ. ಒಂದು ದಿನ ಪಾರ್ಸೆಲ್ ಕೊಡಲು ಒಂಬತ್ತನೇ ಮಹಡಿಗೆ ಹೋದ ಈರಪ್ಪ ಆ ಫಲಕ ಓದಿದ, ಓದಿ ನಿರಾಳನಾದ. ಇಷ್ಟು ದೊಡ್ಡದಾಗಿ ಬರೆದು ಹಾಕಿಕೊಂಡಿದ್ದಾರೆ, ಈ ಮಂದಿ ಸುಮ್ಮನೆ ಪರದಾಡುತ್ತಿದ್ದಾರಲ್ಲ ಎಂದುಕೊಂಡ. ಗಣರಾಜ್ಯೋತ್ಸವದ ದಿನ ಮೆಟ್ಟಿಲ ಸಂದಿಯಲ್ಲಿ ಅವನು ಕೂಗಿ ಹೇಳಿದ್ದು ಈ ಸಂಶೋಧನೆಯನ್ನೇ. ಲಾಡು ಹಿಡಿದು ನಿಂತವರೆಲ್ಲ ಅದನ್ನು ಕೇಳಿಸಿಕೊಂಡಿದ್ದರು.

ಮೊದಲು ಬಂದವರು ವಸಂತಮ್ಮನೇ. ಒಂದು ಕೈಯಲ್ಲಿ ಮಣ್ಣು ಮೆತ್ತಿದ ದಂಟಿನ ಸೊಪ್ಪು, ಇನ್ನೊಂದು ಕೈ ಕಾಲಿಂಗ್ ಬೆಲ್ಲಿನ ಮೇಲೆ. ಹೊಸಕೋಟೆ ಕಡೆಯ ಹೆಂಗಸು. ಮಗ ಸೊಸೆ ಲ್ಯಾಪ್‌ಟಾಪ್ ಮುಂದೆ ಕೂತರೆ ಆ ಮನೆಯಲ್ಲಿ ಮಾತಾಡುವ ವಸ್ತು ಕುಕ್ಕರ್ ಒಂದೇ. ನಲ್ಲಿಯಲ್ಲಿ ನೀರಿಲ್ಲ ಎಂದರು. ಅದಕ್ಕೂ ತಮಗೂ ಸಂಬಂಧವಿಲ್ಲ ಎಂದು ಶಶಿಕುಮಾರ್ ಹೇಳಿದರು.

“ನೀವು ವಿಂಗ್ ಕಮಾಂಡರ್ ಅಲ್ವಾ?”

“ಹೌದು.”

“ಮತ್ತೆ?”

ಶಶಿಕುಮಾರ್ ಶಿಸ್ತಿನಿಂದ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಆರನೇ ಮಹಡಿಯವರು ಗೋಡೆಯ ತೇವ ತೋರಿಸಲು ಫೋಟೋ ಹಿಡಿದು ಬಂದರು. ಅದರ ಮಾರನೆಯ ದಿನ ಯಾರದೋ ನಾಯಿಯ ದೂರು, ಯಾರದೋ ಪಾರ್ಕಿಂಗಿನ ದೂರು. ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಕೆಳಗಿಳಿದು, ಈ ಸಲ ಮೆಟ್ಟಿಲಲ್ಲೇ ಇಳಿದು, ಗೇಟಿನ ಬಳಿ ಈರಪ್ಪನನ್ನು ನಿಲ್ಲಿಸಿಕೊಂಡರು.

ವಾಯುಸೇನೆಯಲ್ಲಿ ವಿಂಗ್ ಎಂದರೆ ಬೇರೆ, ಅದು ಕಟ್ಟಡವಲ್ಲ. ವಿಂಗ್ ಕಮಾಂಡರ್ ಎಂಬುದು ಒಂದು ಹುದ್ದೆಯ ಹೆಸರು, ಪ್ಲಂಬರಿಗೆ ಫೋನ್ ಮಾಡುವವನದಲ್ಲ ಎಂದು ನಿಧಾನವಾಗಿ ತಿಳಿಸಿದರು. ಈರಪ್ಪ ಭಕ್ತಿಯಿಂದ ಕೇಳಿದ. ಹಂಗೇನ್ರಿ ಎಂದ. ಆ ವಿಂಗಿನಲ್ಲಿ ಎಷ್ಟು ಮನೆ ಇರುತ್ತವೆ ಎಂದು ವಿಚಾರಿಸಿದ. ಮನೆಗಳಲ್ಲ, ವಿಮಾನಗಳು ಎಂದರು. ಈರಪ್ಪನ ಕಣ್ಣು ಅರಳಿತು.

“ಅಲ್ಲಿ ನೀವು ಯಾವ ವಿಂಗಿಗೆ ಕಮಾಂಡರ್ ಇದ್ರಿ ಸಾಹೇಬ್ರ?”

ಕೇಳಿದ್ದು ಬರೀ ಕುತೂಹಲದಿಂದ. ಆದರೆ ಶಶಿಕುಮಾರ್ ಏನೋ ಕೆಲಸ ನೆನಪಾದವರಂತೆ ತಿರುಗಿ ನಡೆದರು. ಯಾಕೆಂದರೆ ಇಂಥ ವಿಂಗ್ ಎಂದು ಹೇಳುವುದಕ್ಕೆ ಒಂದೂ ಇರಲಿಲ್ಲ. ಹೆಸರಿನಲ್ಲಿ ವಿಂಗೂ ಇದೆ ಕಮಾಂಡರೂ ಇದೆ. ಆದರೆ ವಿಂಗನ್ನು ಆಳಲು ಕೂರಿಸುವುದು ಅದಕ್ಕೂ ಮೇಲಿನ ಹುದ್ದೆಯವರನ್ನು. ಆ ಮೆಟ್ಟಿಲಿನ ಹತ್ತಿರಕ್ಕೆ ಬಂದು ಇವರು ನಿಂತುಹೋಗಿದ್ದರು, ಲಿಫ್ಟಿನ ಹಾಗೆ, ನಡುವೆ.

ನಿಂತದ್ದು ಈರುಳ್ಳಿಯ ದೆಸೆಯಿಂದ. ಈಶಾನ್ಯದ ಬೆಟ್ಟಗಳ ನಡುವಿನ ಒಂದು ಪುಟ್ಟ ನೆಲೆಗೆ ಅವತ್ತು ವಿಮಾನ ತುಂಬ ಈರುಳ್ಳಿ ಒಯ್ಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಸಹ ಪೈಲಟ್ ಮಲ್ಲಿಕಾರ್ಜುನ, ವಿಜಯಪುರದವನು, ಸೇನೆಯಲ್ಲಿ ಎಲ್ಲರಿಗೂ ಮಲ್ಲಿಕ್. ಕಣಿವೆಯಲ್ಲಿ ಮೋಡ ಕುಳಿತಿತ್ತು. ವಾಪಸ್ ಹೋಗೋಣ ಸರ ಎಂದು ಮಲ್ಲಿಕ್ ಒಮ್ಮೆ ಹೇಳಿದ. ಮತ್ತೊಮ್ಮೆ ಜೋರಾಗಿ ಹೇಳಿದ. ಕಿರಿಯವನ ಮಾತಿಗೆ ವಿಮಾನ ತಿರುಗಿಸುವುದು ಶಶಿಕುಮಾರ್ ಅವರ ಕೈಯಿಂದ ಆಗುವ ಕೆಲಸವಾಗಿರಲಿಲ್ಲ. ಇಳಿಸಿದರು. ಚಕ್ರ ಸಿಡಿದು, ವಿಮಾನ ರನ್‌ವೇ ಬಿಟ್ಟು ಕೆಸರಿಗೆ ಹೋಗಿ ಮೂಗು ಊರಿ ನಿಂತಿತು. ಯಾರಿಗೂ ಗಾಯವಿಲ್ಲ. ಚೀಲಗಳು ಬಿಚ್ಚಿ ಇಡೀ ಬಯಲಲ್ಲಿ ಈರುಳ್ಳಿ ಉರುಳಿದವು, ಸೈನಿಕರು ಬಗ್ಗಿ ಬಗ್ಗಿ ಆರಿಸಿದರು. ಬಗ್ಗದೆ ನಿಂತವರು ಒಬ್ಬರೇ.

ವಿಚಾರಣೆಯಲ್ಲಿ, ಸಹ ಪೈಲಟ್ ಎಚ್ಚರಿಸಿದ್ದನೇ ಎಂದು ಕೇಳಿದಾಗ, ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ ಎಂದರು. ಎಚ್ಚರಿಸಿದ್ದೆ ಎಂದು ಮಲ್ಲಿಕ್ ಹೇಳಿದ. ಇಬ್ಬರ ಹೇಳಿಕೆಯೂ ಒಂದಕ್ಕೊಂದು ಅಡ್ಡ ಬರುವುದಿಲ್ಲವೆಂದು ವಿಚಾರಣೆ ಮುಗಿಯಿತು. ಆದರೆ ನಿಪುಣ ಪೈಲಟ್, ಕಿವಿ ಸ್ವಲ್ಪ ಕಡಿಮೆ ಎಂಬ ಅಭಿಪ್ರಾಯ ಮೇಲಿನವರಲ್ಲಿ ಹೇಗೋ ಉಳಿದುಕೊಂಡಿತು. ವೈದ್ಯರು ಅವರ ಕಿವಿ ಪರೀಕ್ಷೆ ಮಾಡಿ ಏನೂ ದೋಷವಿಲ್ಲ ಎಂದದ್ದರಿಂದ ಅದು ಇನ್ನಷ್ಟು ಬಲವಾಯಿತು. ಮಲ್ಲಿಕ್ ಮೇಲೆ ಮೇಲೆ ಹೋಗಿ ಏರ್ ಕಮೊಡೋರ್ ಆದ. ಶಶಿಕುಮಾರ್ ಅವನ ಜೊತೆ ಮತ್ತೆ ಮಾತಾಡಲಿಲ್ಲ. ವಿಮಾನ ಕೆಸರಿನಿಂದ ಎದ್ದಿತು, ಬಿಗುಮಾನ ಏಳಲಿಲ್ಲ.

ಗೇಟಿನಿಂದ ಹಿಂತಿರುಗಿದ ಆ ಮಧ್ಯಾಹ್ನ, ಈ ನೀರಿನ ಗೋಳನ್ನು ಒಮ್ಮೆ ಮುಗಿಸಿಬಿಟ್ಟರೆ ಬೆಲ್ಲಿನ ಕಾಟ ತಪ್ಪುತ್ತದೆಂದು ಶಶಿಕುಮಾರ್ ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿದರು. ಬೆಟ್ಟಗಳ ನಡುವೆ ನಿಯಂತ್ರಣ ಕೊಠಡಿಯ ಜೊತೆ ಮಾತಾಡುತ್ತಿದ್ದ ಅದೇ ದನಿ. ಎಲ್ಲಿದ್ದೀಯ, ಯಾವ ದಿಕ್ಕಿನಿಂದ ಬರುತ್ತಿದ್ದೀಯ, ಎಷ್ಟು ಹೊತ್ತಿಗೆ ಇಳಿಯುತ್ತೀಯ. ಟ್ಯಾಂಕರಿನವನು ಪೊಲೀಸ್ ಇರಬೇಕೆಂದುಕೊಂಡು ಬೇರೆ ಯಾರಿಗೋ ಒಪ್ಪಿಕೊಂಡಿದ್ದ ನೀರನ್ನು ಇಲ್ಲಿಗೆ ತಂದು ಸುರಿದ.

ಸಂಜೆ ಬೆಲ್ ಆಯಿತು. ವಸಂತಮ್ಮ, ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗೆ ದಂಟಿನ ಸೊಪ್ಪಿನ ಮಸ್ಸೊಪ್ಪು. ಕೊಟ್ಟು ಹೊರಟೇಹೋದರು. ತಿಂದು, ತೊಳೆದು, ಒರೆಸಿದ ಮೇಲೆ ಶಶಿಕುಮಾರ್ ಅವರಿಗೆ ಒಂದು ಇಕ್ಕಟ್ಟು ಎದುರಾಯಿತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವರ ಅವ್ವ ಕಲಿಸಿದ್ದು ಎಲ್ಲಿತ್ತೋ ಇಷ್ಟು ವರ್ಷ, ಎದ್ದು ಬಂದು ನಿಂತಿತು. ಅಡುಗೆಮನೆಯಲ್ಲಿ ಓಟ್ಸ್ ಬಿಟ್ಟರೆ ಇದ್ದದ್ದು ಸಕ್ಕರೆ. ಡಬ್ಬಿಗೆ ಸಕ್ಕರೆ ತುಂಬಿ, ಬ್ಲೇಜರ್ ಹಾಕಿಕೊಂಡು, ಎರಡನೇ ಮಹಡಿಗೆ ಹೋಗಿ ಕೊಟ್ಟುಬಂದರು. ಬ್ಲೇಜರ್ ಯಾಕೆಂದು ಅವರಿಗೂ ತಿಳಿಯಲಿಲ್ಲ. ಇನ್ನೊಬ್ಬರ ಬಾಗಿಲಲ್ಲಿ ನಿಂತು ಬೆಲ್ ಒತ್ತಿ ಬಹಳ ಕಾಲವಾಗಿತ್ತು.

ಅಲ್ಲಿಂದ ಡಬ್ಬಿ ಆ ಎರಡು ಮಹಡಿಗಳ ನಡುವೆ ಸರಕು ವಿಮಾನದಂತೆ ಓಡಾಡತೊಡಗಿತು. ದೂರುಗಳೂ ಬಂದವು. ಶಶಿಕುಮಾರ್ ಈಗ ವಾದ ಮಾಡುವುದನ್ನು ಬಿಟ್ಟಿದ್ದರು. ಮಾಡಿದರೆ ಜನ ಹೊರಟುಹೋಗುತ್ತಾರೆ. ಮಾಡದಿದ್ದರೆ ಒಳಗೆ ಬಂದು ಕೂರುತ್ತಾರೆ, ಕೂತರೆ ತೇವದ ಗೋಡೆಯಿಂದ ಶುರುವಾದದ್ದು ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಪೊರೆ, ಮೆಟ್ರೋದ ನೂಕುನುಗ್ಗಲುಗಳವರೆಗೆ ಹೋಗುತ್ತದೆ. ಕುರ್ಚಿಯೊಂದನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು. ಎಷ್ಟೋ ಕಾಲದ ಮೇಲೆ ಫಿಲ್ಟರ್ ಕಾಫಿ ಪುಡಿ ತಂದರು. ಸಿ ವಿಂಗಿನ ಕೆಟ್ಟ ಲಿಫ್ಟು ರಿಪೇರಿಯಾದ ದಿನ ಈರಪ್ಪ ಗೇಟಿನಲ್ಲಿ ಕೈಯೆತ್ತಿ ಸೆಲ್ಯೂಟ್ ಹೊಡೆದ. ಅಂಗೈ ತಪ್ಪಾಗಿ ತಿರುಗಿತ್ತು. ಶಶಿಕುಮಾರ್ ತಿದ್ದಲಿಲ್ಲ.

ಒಂದು ಭಾನುವಾರ ವನಜಾ ಅವರ ಫೋನಿನ ನಡುವೆ ಬೆಲ್ ಆಯಿತು.

“ಯಾರ್ರೀ ಅದು? ನಮ್ಮನೆ ಬೆಲ್ಲಾ?”

“ಪಾರ್ಕಿಂಗ್ ವಿಚಾರ. ನಾಲ್ಕನೇ ಮಹಡಿಯವರು. ಲೈನಲ್ಲಿರು.”

“ನೋಡ್ಕೊಂಡು ಬನ್ನಿ, ಪರವಾಗಿಲ್ಲ,” ಎಂದ ವನಜಾ ಆವತ್ತು ಹವಾಮಾನದ ವಿಷಯವನ್ನೇ ಎತ್ತಲಿಲ್ಲ. ಬೈದ್ರಾ ಅವರಿಗೆ, ಎಂದು ಕೇಳಿದರು. ಇಲ್ಲ, ಕಾಫಿ ಕೊಟ್ಟೆ ಎಂದಾಗ, ಯಾವ ಪುಡಿ ತಂದಿರಿ ಎಂದು ವಿಚಾರಿಸಿದರು.

ಹೀಗೆ ನಡೆದಿತ್ತು. ಕೆಟ್ಟದ್ದು ಗೌರವದಿಂದ.

ನಂದೀಶ್ ಒಳ್ಳೆಯ ಮನುಷ್ಯ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಮ್ಯಾನೇಜರ್, ಎಲ್ಲವೂ ಸುವ್ಯವಸ್ಥಿತವಾಗಿರಬೇಕೆನ್ನುವವರು. ತಮ್ಮ ತಾಯಿ ನೀರು ಬಂದಿಲ್ಲವೆಂದು ದೇಶಕ್ಕಾಗಿ ದುಡಿದ ಅಧಿಕಾರಿಯ ಬಾಗಿಲು ಬಡಿಯುತ್ತಾರೆಂದು ತಡವಾಗಿ ತಿಳಿದು ನಾಚಿಕೆಯಿಂದ ಕುಗ್ಗಿಹೋದರು. ಅಮ್ಮಾ, ಅವರು ಪೈಲಟ್ ಆಗಿದ್ದವರು, ನಿನಗೆ ಪ್ಲಂಬರ್ ಥರ ಕಾಣ್ತಾರಾ ಎಂದು ಗದರಿದರಂತೆ. ಅಂದೇ ವಾಟ್ಸಾಪಿನಲ್ಲಿ ಎಲ್ಲರಿಗೂ ಸಂದೇಶ ಹೋಯಿತು: ವಿಂಗ್ ಕಮಾಂಡರ್ ಎಂಬುದು ಸೇನೆಯ ಗೌರವಾನ್ವಿತ ಹುದ್ದೆ. ನಮ್ಮ ನಡುವಿನ ವೀರಯೋಧರಿಗೆ ಯಾರೂ ದಯವಿಟ್ಟು ತೊಂದರೆ ಕೊಡಬಾರದು. ಸಿ ವಿಂಗಿನ ದೂರುಗಳಿಗೆ ಇನ್ನು ಮುಂದೆ ಆ್ಯಪ್ ಬಳಸಿ. ಕೆಳಗೆ ಕೈ ಮುಗಿದ ಚಿತ್ರ, ಒಂದು ವಿಮಾನದ ಚಿತ್ರ. ಗುಂಪಿನಲ್ಲಿ ಇಲ್ಲದ ಶಶಿಕುಮಾರ್ ಅವರಿಗೆ ನಂದೀಶ್ ಅದನ್ನು ಪ್ರತ್ಯೇಕವಾಗಿ ಕಳಿಸಿ ಕ್ಷಮೆ ಕೇಳಿದರು.

ಇಷ್ಟು ಕಾಲ ಬೇಡಿದ್ದ ಮಾನ ಸಿಕ್ಕಿತು. ಬೆಲ್ ನಿಂತಿತು.

ಲಿಫ್ಟಿನಲ್ಲಿ ಈಗ ಜನ ಅವರಿಗೆ ಜಾಗ ಬಿಟ್ಟು ಮೂಲೆಗೆ ಸರಿಯುತ್ತಿದ್ದರು. ಎಲ್ಲರೂ ಸಾರ್ ಎನ್ನುತ್ತಿದ್ದರು. ಅಂಕಲ್ ಎಂದಿದ್ದ ಹುಡುಗಿ ಸೆಟೆದು ನಿಂತು ಗುಡ್ ಮಾರ್ನಿಂಗ್ ಹೇಳಿದಳು. ಈರಪ್ಪ ಕಂಡರೆ ಅಪರಾಧಿಯಂತೆ ಟೋಪಿ ತೆಗೆಯುತ್ತಿದ್ದ. ವಸಂತಮ್ಮನ ಡಬ್ಬಿ ಕೊನೆಯ ಸಲ ಅವರ ಮನೆಯಲ್ಲಿದ್ದಾಗಲೇ ಈ ಸಂದೇಶ ಬಂದದ್ದು. ಸಕ್ಕರೆ ತುಂಬಿ ಎರಡನೇ ಮಹಡಿಗೆ ಹೋದರು. ಬಾಗಿಲು ತೆರೆದ ನಂದೀಶ್ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ನೀವ್ಯಾಕೆ ಸಾರ್ ಇಳಿದು ಬಂದ್ರಿ, ಒಂದು ಮಾತು ಹೇಳಿದ್ರೆ ಈರಪ್ಪನ್ನ ಕಳಿಸ್ತಿದ್ದೆ ಎಂದರು. ಒಳಗೆ ಸೊಪ್ಪು ಬಿಡಿಸುತ್ತಿದ್ದ ವಸಂತಮ್ಮ ತಲೆಯೆತ್ತಿ ನೋಡಿ, ಮಗನ ಮುಖ ನೋಡಿ, ಮತ್ತೆ ಸೊಪ್ಪಿನ ಕಡೆ ತಿರುಗಿದರು.

ಬಾಗಿಲ ಹತ್ತಿರದ ಕುರ್ಚಿ ಅಲ್ಲೇ ಇತ್ತು. ಬೆಲ್ ಕೆಟ್ಟಿರಬಹುದೇ ಎಂಬ ಅನುಮಾನದಿಂದ ಅವರು ಒಮ್ಮೆ ಬಾಗಿಲು ತೆರೆದು, ಹೊರಗೆ ನಿಂತು, ತಾವೇ ಒತ್ತಿದರು. ಖಾಲಿ ಮನೆಯೊಳಗೆ ಅದು ಸೊಗಸಾಗಿ ಕೂಗಿತು. ಯಾರೋ ಬಂದಿದ್ದಾರೆಂದು ಒಂದು ಕ್ಷಣ ಅವರಿಗೇ ಅನ್ನಿಸಿತು. ಮತ್ತೊಂದು ದಿನವೂ ಹಾಗೆ ಮಾಡಿದರು. ನನಗೆ ತೊಂದರೆ ಕೊಡಿ ಎಂದು ಬೇಡಿಕೊಳ್ಳುವುದು ಹೇಗೆ? ಅಂಥ ಅರ್ಜಿಯನ್ನು ಎದೆ ಸೆಟೆಸಿ ನಿಂತು ಒಪ್ಪಿಸುವ ಭಂಗಿ ಸೇನೆಯಲ್ಲಿ ಇರಲಿಲ್ಲ. ಭಾನುವಾರ ವನಜಾ, ಇವತ್ತು ಯಾರೂ ಬರಲಿಲ್ವಾ ಎಂದು ಕೇಳಿದರು. ಇಲ್ಲಿ ಮೋಡ ಎಂದರು ಇವರು.

ಆಗಸ್ಟ್ ಹದಿನೈದಕ್ಕೆ ನಂದೀಶ್ ಒಂದು ಅನಿರೀಕ್ಷಿತ ಸಂತೋಷದ ಏರ್ಪಾಡು ಮಾಡಿದ್ದರು. ಅವರ ಕಂಪನಿಗೆ ಭಾಷಣಕ್ಕೆ ಬಂದಿದ್ದ ಒಬ್ಬ ನಿವೃತ್ತ ಅಧಿಕಾರಿ, ಶಶಿಕುಮಾರ್ ಅವರ ಹೆಸರು ಕೇಳಿ, ಅವರ ಪಕ್ಕದ ಸೀಟಿನಲ್ಲೇ ನಾನು ಹಾರಿದ್ದು ಎಂದಿದ್ದರಂತೆ. ಅವರನ್ನೇ ಮುಖ್ಯ ಅತಿಥಿಯಾಗಿ ಕರೆಸಿದ್ದರು. ವೇದಿಕೆಯ ಮೆಟ್ಟಿಲಲ್ಲಿ ಏರ್ ಕಮೊಡೋರ್ ಮಲ್ಲಿಕ್ ಎದುರಾದಾಗ ಶಶಿಕುಮಾರ್ ಅವರಿಗೆ ಮೊದಲು ಕಂಡದ್ದು ನೆರೆತ ಮೀಸೆ, ಆಮೇಲೆ ಅದರ ಹಿಂದಿನ ಹುಡುಗ. ಮೇಲಿನ ಹುದ್ದೆಯ ಆ ಮನುಷ್ಯ ತಾನೇ ಮೊದಲು ಸೆಲ್ಯೂಟ್ ಮಾಡಿ, “ಆರಾಮ ಅದೀರೇನ್ರಿ ಸರ?” ಎಂದ. ಶಶಿಕುಮಾರ್ ತಲೆಯಾಡಿಸಿದರು.

ಬಾವುಟ ಹಾರಿತು. ಲಿಫ್ಟು ಕೈ ಕೊಡದಿದ್ದ ಕಾರಣ ಶಶಿಕುಮಾರ್ ಈ ಸಲ ಎಲ್ಲರ ಜೊತೆ ನಿಂತು ಹಾಡಿದರು. ಮಲ್ಲಿಕ್ ಮೈಕಿನಲ್ಲಿ ಈರುಳ್ಳಿಯ ಕಥೆ ಹೇಳಿದರು. ಅಂಗಳವೆಲ್ಲ ನಕ್ಕಿತು. ಈ ಕಥೆಯಲ್ಲಿ ಮೋಡವಿತ್ತು, ಕೆಸರಿತ್ತು, ಚಕ್ರ ಸಿಡಿದರೂ ಯಾರಿಗೂ ಪೆಟ್ಟಾಗದಂತೆ ನಿಲ್ಲಿಸಿದ ಪೈಲಟ್ಟಿನ ಕೈಯಿತ್ತು. “ನಾ ಏನೋ ಅಂದಿದ್ದೆ, ಎಂಜಿನ್ ಸಪ್ಪಳ ಭಾಳ ಇತ್ತು, ಸರ್‌ಗೆ ಕೇಳಿಸಲಿಲ್ಲ,” ಎಂದು ಮಲ್ಲಿಕ್ ಹೇಳಿ, ಇವರ ಕಡೆ ನೋಡದೆ ಮುಂದಕ್ಕೆ ಹೋದರು. ಶಶಿಕುಮಾರ್ ತಮ್ಮ ಬೂಟುಗಳನ್ನು ನೋಡಿಕೊಂಡರು. ಅವುಗಳಲ್ಲಿ ಮುಖ ಕಾಣುತ್ತಿತ್ತು.

ಚಪ್ಪಾಳೆ ಮುಗಿಯುವ ಮುನ್ನ ನಂದೀಶ್ ಮೈಕಿನ ಮುಂದೆ ಬಂದರು. ಇನ್ನು ನಮ್ಮವರೇ ಆದ ವೀರರಿಂದ ಎರಡು ಮಾತು ಎಂದರು. ಹೆಸರಿನ ಹಿಂದಿರುವ ಹುದ್ದೆಯ ಮಹತ್ವ ಎಲ್ಲರಿಗೂ ತಿಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದ, ಮುಂದೆ ಕೂತ ಮಕ್ಕಳ ಕಡೆ ಕೈ ತೋರಿಸಿ ಕೇಳಿದರು:

“ನೀವು ಕಮಾಂಡ್ ಮಾಡಿದ್ದು ಯಾವ ವಿಂಗು ಸಾರ್? ನಮ್ಮ ಮಕ್ಕಳಿಗೆ ಸ್ವಲ್ಪ ಹೇಳಿ.”

ಕೇಳಿ ಪಕ್ಕಕ್ಕೆ ಸರಿದರು, ಶಶಿಕುಮಾರ್ ಬಂದು ಮೈಕಿನ ಕಂಬ ಹಿಡಿದರು. ಉತ್ತರ ಗೊತ್ತಿದ್ದ ಒಬ್ಬನೇ ಮನುಷ್ಯ ಮಲ್ಲಿಕ್. ಮತ್ತೊಮ್ಮೆ ಎಂಜಿನ್ ಸಪ್ಪಳ ಎಬ್ಬಿಸುವವರಂತೆ ಅವರು ಕೆಮ್ಮಿ, ಮೈಕಿಗೆ ಕೈ ಚಾಚಿದರು. ಹೇಳಬಹುದಾದ ದೊಡ್ಡ ದೊಡ್ಡ ಹೆಸರುಗಳು ಹಲವಿದ್ದವು, ಎಲ್ಲವೂ ಬಹಳ ದೂರದವು, ಇಲ್ಲಿನ ಯಾರೂ ಹೋಗಿ ವಿಚಾರಿಸುವಂತಿರಲಿಲ್ಲ. ಶಶಿಕುಮಾರ್ ಮೈಕ್ ಬಿಡಲಿಲ್ಲ. ಗೇಟಿನ ಹತ್ತಿರ ಈರಪ್ಪ ಕತ್ತು ಚಾಚಿ ನಿಂತಿದ್ದ, ಅವನಿಗೆ ಈ ಪ್ರಶ್ನೆಯ ಉತ್ತರ ಬಾಕಿ ಇತ್ತು. ಹಿಂದಿನ ಸಾಲಿನಲ್ಲಿ ವಸಂತಮ್ಮ ಕಿವಿಗೆ ಕೈ ಆನಿಸಿಕೊಂಡಿದ್ದರು. ಮೈಕು ಅವರ ಎತ್ತರಕ್ಕಿರಲಿಲ್ಲ. ಶಶಿಕುಮಾರ್ ಸ್ವಲ್ಪ ಬಗ್ಗಿದರು.

“ಸಿ ವಿಂಗು,” ಎಂದರು. “ಒಂಬತ್ತನೇ ಮಹಡಿ. ಬೆಲ್ ಕೆಟ್ಟಿಲ್ಲ.”